ತೂಕ ತಪ್ಪಿದ ಟ್ಯೂಬು

ಅಡುಗೆಮನೆಯ ಮೇಜಿನಿಂದ
ಮಂಗಳವಾರ, ತಾರೀಖು ಹದಿನಾಲ್ಕು

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಅಣ್ಣನ ಮನೆಯಲ್ಲಿ ಮೆಟ್ಟಿಲು ಜಾಸ್ತಿ. ಕೂಸಿನ ಬಟ್ಟೆ ಒಣಹಾಕಲು ಪ್ರತಿಸಲ ನೀನೇ ಹತ್ತಬೇಡ, ಅವನಿಗೂ ಕಾಲಿವೆ. ಬಿಪಿ ಮಾತ್ರೆ ತಪ್ಪಿಸುತ್ತಿಲ್ಲ ತಾನೆ? ಅತ್ತಿಗೆಯ ಹೊಲಿಗೆ ಒಣಗಿತಾ? ಇಲ್ಲಿ ನಾವು ಹೇಗೋ ಇದ್ದೇವೆ. ನಿನ್ನ ಮೊಮ್ಮಗಳು ಹಗಲೆಲ್ಲ ನಿದ್ದೆ ಹೊಡೆದು ರಾತ್ರಿ ನನ್ನ ಜೊತೆ ಹರಟೆಗೆ ಕೂರುತ್ತಾಳೆ. ಮೊನ್ನೆ ನಿದ್ದೆಗಣ್ಣಲ್ಲಿ ಹಾಲಿನ ಪುಡಿಯ ಬದಲು ಟೀ ಪುಡಿಯನ್ನು ಬಾಟಲಿಗೆ ಹಾಕಿಬಿಟ್ಟಿದ್ದೆ. ಇವರು ನೋಡಿ ಕೈಯಿಂದ ಕಿತ್ತುಕೊಂಡರು. "ಮಗಳಿಗೆ ಈಗಲೇ ಟೀ ಚಟ ಹಿಡಿಸಬೇಡ ಮಾರಾಯ್ತಿ" ಅಂದರು. ಅವರು ನಕ್ಕರು, ನನಗೆ ನಗು ಬರಲಿಲ್ಲ.

ನೀನು ಫೋನು ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಭಾನುವಾರ "ಇಷ್ಟೇ ಇಷ್ಟು ಕ್ರೀಮಿಗೆ ಇಷ್ಟು ರಾದ್ಧಾಂತವೇನೇ" ಅಂದು ಇಟ್ಟುಬಿಟ್ಟೆಯಲ್ಲ, ಆ ಇಷ್ಟೇ ಇಷ್ಟು ಏನು ಅಂತ ಒಂದು ಸಲ ಪೂರ್ತಿ ಕೇಳು. ಕಾಗದವಾದ್ದರಿಂದ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ.

ನನ್ನ ತುಟಿಯ ಹುಣ್ಣು ನಿನಗೆ ಹೊಸದಲ್ಲ. ಪರೀಕ್ಷೆ ಬಂದರೆ, ಜ್ವರ ಬಂದರೆ, ನಿದ್ದೆ ಕೆಟ್ಟರೆ ಅದೇ ಮೂಲೆಯಲ್ಲಿ ಅವೇ ನೀರುಗುಳ್ಳೆಗಳು. ಅಣ್ಣ ನನಗೆ ಮೂತಿ ಸುಟ್ಟ ಬೆಕ್ಕು ಅಂತ ಹೆಸರಿಟ್ಟ, ನೀವೆಲ್ಲ ಅದನ್ನೇ ಕರೆದಿರಿ. ಮಗು ಹುಟ್ಟಿದ ಮೇಲೆ ಮಾತ್ರ ಅದು ತಮಾಷೆಯಾಗಿ ಉಳಿಯಲಿಲ್ಲ. ನಮಗೆ ನಾಲ್ಕು ದಿನ ಉರಿದು ಹೋಗುವ ಈ ಹುಣ್ಣು ಹಸುಗೂಸಿಗೆ ತಗುಲಿದರೆ ಜೀವಕ್ಕೇ ಕುತ್ತು ಬರಬಹುದು ಅಂತ ಡಾಕ್ಟರಮ್ಮ ಹೇಳಿದಾಗ ನೀನು ನನ್ನ ಪಕ್ಕದಲ್ಲೇ ಕೂತಿದ್ದೆ. ಅವತ್ತಿನಿಂದ ನಾನು ಮೂಗು ಬಾಯಿ ಮುಚ್ಚಿಕೊಂಡೇ ಅವಳನ್ನು ಎತ್ತಿಕೊಳ್ಳುತ್ತಿದ್ದೇನೆ. ಹುಣ್ಣಿಲ್ಲದ ದಿನಗಳಲ್ಲೂ ಧೈರ್ಯ ಬರುವುದಿಲ್ಲ. ಕಾಲುಚೀಲದ ಮೇಲಿಂದ ಮುತ್ತು ಕೊಡುತ್ತೇನೆ ಅಮ್ಮಾ. ಹೆತ್ತ ಮಗಳ ಕೆನ್ನೆ ಹೇಗಿದೆ ಅಂತ ನನ್ನ ಬೆರಳಿಗೆ ಗೊತ್ತು, ತುಟಿಗೆ ಗೊತ್ತಿಲ್ಲ.

ಆಸ್ಪತ್ರೆಯ ಚರ್ಮದ ವಿಭಾಗದಲ್ಲಿ ಹೊಸ ಮುಲಾಮಿನ ಪರೀಕ್ಷೆಗೆ ನಾನಾಗಿ ಹೆಸರು ಕೊಟ್ಟಿದ್ದು ಇದಕ್ಕೇ. ಹಾಲೂಡಿಸುವವರನ್ನು ಅವರು ಸೇರಿಸಿಕೊಳ್ಳುವುದಿಲ್ಲ. ನನಗೆ ಹಾಲು ನಿಂತುಹೋಗಿತ್ತಲ್ಲ, ಆ ದುಃಖದಿಂದ ಇದೊಂದಾದರೂ ಒಳ್ಳೆಯದಾಯಿತು ಅಂದುಕೊಂಡಿದ್ದೆ. ಕೆಲವರ ಟ್ಯೂಬಿನಲ್ಲಿ ಔಷಧಿ ಇರುತ್ತದೆ, ಕೆಲವರದರಲ್ಲಿ ಬರೀ ಕ್ರೀಮು. ಯಾರಿಗೆ ಯಾವುದು ಅಂತ ನಮಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ತುಟಿ ಚುಳುಚುಳು ಅಂದ ತಕ್ಷಣ ಹಚ್ಚಲು ಶುರು ಮಾಡಬೇಕು, ಹುಣ್ಣು ಮಾಗುವತನಕ ಬಿಡಬಾರದು, ಬೇರೆ ಯಾರೂ ಮುಟ್ಟಬಾರದು. ಆಮೇಲೆ ಟ್ಯೂಬನ್ನು ಒಯ್ದುಕೊಟ್ಟರೆ ಅಲ್ಲಿನ ನರ್ಸ್ ಪುಟ್ಟ ತಕ್ಕಡಿಯಲ್ಲಿಟ್ಟು ತೂಗುತ್ತಾಳೆ. ಹಚ್ಚಿದ್ದೆಷ್ಟು, ಉಳಿದದ್ದೆಷ್ಟು ಅಂತ ತಾಳೆಯಾಗಬೇಕು. ಹೀಗೆ ಎರಡು ಸಲದ ಹುಣ್ಣಿಗೆ ಹಚ್ಚಿ ನೋಡಬೇಕಿತ್ತು. ಒಂದು ಸಲದ್ದು ಮುಗಿದಿತ್ತು. ಇನ್ನೊಂದು ಸಲದ್ದು ಬಾಕಿ.

ಶುಕ್ರವಾರ ತಾಳೆಯಾಗಲಿಲ್ಲ. ನರ್ಸ್ ಎರಡನೇ ಸಲ ತೂಗಿದಳು. "ಇದು ತುಟಿಗೆ ಹಚ್ಚಿದ್ದಾ, ಗೋಡೆಗೆ ಬಳಿದಿದ್ದಾ ಮೇಡಂ" ಅಂದಳು. ಮನೆಯಲ್ಲಿ ಬೇರೆ ಯಾರಾದರೂ ಹಚ್ಚಿಕೊಂಡರಾ ಅಂತ ಡಾಕ್ಟರಮ್ಮ ಕೇಳಿದರು. ಇಲ್ಲ ಅಂದೆ. ನಮ್ಮಮ್ಮ ಒಬ್ಬರು ಇದ್ದರು, ಅವರು ಹೇಳದೆ ಕೇಳದೆ ಒಂದು ಕಡ್ಡಿಯನ್ನೂ ಎತ್ತಿಡುವವರಲ್ಲ ಅಂದೆ. ಎಷ್ಟು ಜೋರಾಗಿ ಹೇಳಿದೆ ಅಂದರೆ ಪಕ್ಕದ ಬೆಂಚಿನವರು ತಿರುಗಿ ನೋಡಿದರು. ಡಾಕ್ಟರಮ್ಮ ಬೈಯಲಿಲ್ಲ. ಟ್ಯೂಬಿನ ಲೆಕ್ಕ ಸಿಗದವರನ್ನು ಪರೀಕ್ಷೆಯಲ್ಲಿ ಇಟ್ಟುಕೊಳ್ಳಲು ಬರುವುದಿಲ್ಲ ಅಂತ ನನ್ನನ್ನು ಕೈಬಿಟ್ಟರು. ಟ್ಯೂಬು ಅಲ್ಲೇ ಉಳಿಯಿತು.

ಭಾನುವಾರ ಕೇಳಿದರೆ ನೀನು ಏನೂ ಆಗದವಳ ಹಾಗೆ, "ಅದಾ? ಹೊರಡುವ ದಿನ ನಾನೇ ಒಂದು ಡಬ್ಬಿಗೆ ಹಿಂಡಿಕೊಂಡೆ, ನಿನ್ನ ಅತ್ತಿಗೆಗೂ ತುಟಿ ಒಡೆಯುತ್ತಲ್ಲ, ಹೆರಿಗೆ ಹತ್ತಿರ ಬಂದಿತ್ತು, ಪಾಪ" ಅಂದೆ. ಒಳ್ಳೆಯ ಔಷಧಿ ಒಬ್ಬರಿಗೆ ಸಿಕ್ಕರೆ ಮನೆಮಂದಿಗೆಲ್ಲ ಹಂಚುವುದು ನಿನ್ನ ಅಭ್ಯಾಸ. ಆದರೆ ಹಂಚುವಾಗಲೆಲ್ಲ ನನ್ನ ಪಾಲಿನಿಂದಲೇ ತೆಗೆಯುತ್ತೀಯ. ನನ್ನ ಶಾಲಿನಿಂದ ಹಿಡಿದು ಈ ಟ್ಯೂಬಿನವರೆಗೆ ಅತ್ತಿಗೆ ಪಾಪ, ನಾನು ಗಟ್ಟಿಗಿತ್ತಿ. ಕೇಳಿದ್ದರೆ ಕೊಡುತ್ತಿರಲಿಲ್ಲ, ನಿಜ. ಅದು ಗೊತ್ತಿದ್ದೇ ನೀನು ಕೇಳಲಿಲ್ಲ.

ಔಷಧಿ ನಾಟಿತು ಅಂತ ಗೊತ್ತಾದರೆ ಮೊದಲು ನಮಗೇ ಕೊಡುತ್ತೇವೆ ಅಂದಿದ್ದರು. ಈಗ ಆ ಸಾಲಿನಲ್ಲಿ ನಾನಿಲ್ಲ. ಬೆಳಗ್ಗೆಯಿಂದ ತುಟಿಯ ಮೂಲೆ ಚುಳುಚುಳು ಅನ್ನುತ್ತಿದೆ. ಮುಖ ಮುಚ್ಚಿಕೊಂಡೇ ಕೂತು ಬರೆಯುತ್ತಿದ್ದೇನೆ. ಅವಳು ತೊಟ್ಟಿಲಿನಿಂದ ನನ್ನ ಕಣ್ಣನ್ನೇ ನೋಡುತ್ತಿದ್ದಾಳೆ. ಅಮ್ಮ ಅಂದರೆ ಬರೀ ಎರಡು ಕಣ್ಣು ಅಂದುಕೊಂಡಿರಬೇಕು.

ಅಣ್ಣ ಅತ್ತಿಗೆಗೆ ಕೇಳಿದೆ ಅಂತ ಹೇಳು. ಪುಟ್ಟ ಕೂಸಿಗೆ ಈ ಅತ್ತೆಯ ಆಶೀರ್ವಾದ. ಆ ಕೂಸಿನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಮಂಡಿಗೆ ಬಿಸಿನೀರಿನ ಶಾಖ ಕೊಟ್ಟುಕೋ.

ನಿನ್ನ,
ಮೂತಿ ಸುಟ್ಟ ಬೆಕ್ಕು

ಮತ್ತೆ ಸೇರಿಸಿದ್ದು: ಲಕೋಟೆ ಅಂಟಿಸುವ ಹೊತ್ತಿಗೆ ಅಣ್ಣ ಫೋಟೊ ಕಳಿಸಿದ. ಅತ್ತಿಗೆ ಕೂಸಿನ ಕೆನ್ನೆಗೆ ತುಟಿ ಒತ್ತಿಕೊಂಡಿದ್ದಾಳೆ, ತುಟಿಯ ಮೇಲೆ ಗುಳ್ಳೆ ಎದ್ದು ಕಾಣುತ್ತಿದೆ. "ಅಮ್ಮನ ಕ್ರೀಮ್ ಇದೆ, ನಿನ್ನ ಹಾಗೆ ಹೆದರಿ ಸಾಯಲ್ಲ ನಾವು" ಅಂತ ಬರೆದಿದ್ದಾನೆ. ಕೂಡಲೇ ಅವಳಿಂದ ಕೂಸನ್ನು ದೂರ ಇಡು, ಇವತ್ತೇ ಡಾಕ್ಟರಿಗೆ ತೋರಿಸು ಅಂತ ಬರೆದರೆ ನಗುವ ಗೊಂಬೆ ಕಳಿಸಿದ. ಇವರು ಈಗಲೇ ಬಸ್ಸು ಹತ್ತಿ ಈ ಕಾಗದವನ್ನು ನಿನ್ನ ಕೈಗೇ ತಂದುಕೊಡುತ್ತಾರೆ. ಓದಿದ ತಕ್ಷಣ ಏಳು ಅಮ್ಮಾ. ಆ ಡಬ್ಬಿಯಲ್ಲಿರುವುದು ಬರೀ ಕ್ರೀಮೇ ಇರಬಹುದು. ಔಷಧಿಯೇ ಆಗಿದ್ದರೂ ಹಚ್ಚಿಕೊಂಡು ಮುತ್ತು ಕೊಡಬಹುದು ಅಂತ ಯಾರೂ ಹೇಳಿಲ್ಲ. ನಾನು ಹೇಳಿದೆ ಅನ್ನಬೇಡ, ಹೊಟ್ಟೆಕಿಚ್ಚು ಅಂದುಕೊಂಡಾಳು. ನಿನ್ನದೇ ಮಾತು ಅಂತ ಹೇಳು, ನಂಬುತ್ತಾಳೆ. ನಾನೂ ಎಲ್ಲರೆದುರು ನಿನ್ನನ್ನು ನಂಬಿದ್ದೆನಲ್ಲ.