ವೈನಿ ಕುಡಿದ ನೀರು

ಫೆಬ್ರವರಿ ೧೫, ಶಿವರಾತ್ರಿ, ಸಂಜೆ
ಎಂದಿನಂತೆ ನನ್ನದು ನಿರ್ಜಲ ಉಪವಾಸ. ಹನಿ ನೀರೂ ಮುಟ್ಟಿಲ್ಲವೆಂದು ಓಣಿಗೆಲ್ಲ ಸಾರಿ ಬಂದೆ. ಅಣ್ಣನ ಹೆಂಡತಿ ಸಂಗವ್ವ ವೈನಿ ಬೆರಗಾದರು.
"ನಿನಗ ಹೆಂಗ ಆಗ್ತದೋ ತಮ್ಮಾ?"
"ಕುಬೇರಪ್ಪ ಅಂದ್ರ ಏನ ತಿಳದೀರಿ ವೈನಿ!"
ಗಬ್ಬೂರ ಬೈಪಾಸಿನಲ್ಲಿ ಎರಡು ಗ್ಲಾಸ್ ಕಬ್ಬಿನ ಹಾಲು ಕುಡಿದೆ... ಅದು ನೀರಲ್ಲ. ಇಲ್ಲಿ ಮಾತ್ರ ಬರೆದಿಟ್ಟಿದ್ದೇನೆ.

ಫೆಬ್ರವರಿ ೨೪, ಹುಬ್ಬಳ್ಳಿ, ಆಸ್ಪತ್ರೆ
ನಾಳೆ ಒಂಬತ್ತಕ್ಕೆ ವೈನಿಯ ಆಪರೇಷನ್. ಪಿತ್ತಕೋಶದಲ್ಲಿ ಕಲ್ಲು. ನರ್ಸ್ ಅಫ್ರೀನ್ ಚೀಟಿ ಕೊಟ್ಟಳು. ಏಳನೇ ಕ್ಲಾಸು ಓದಿದವನು, ನಾನೇ ಇಸಕೊಂಡೆ. ಮೊದಲ ಸಾಲು: ರಾತ್ರಿ ಹನ್ನೆರಡರ ನಂತರ ಊಟವಿಲ್ಲ. ಸಾಕು. ಚೀಟಿ ಮಡಚಿ ಅದರಲ್ಲೇ ಅಡಿಕೆ ಕಟ್ಟಿಕೊಂಡೆ.
"ನೀರೂ ಮುಟ್ಟಬ್ಯಾಡ್ರಿ ವೈನಿ. ಶಿವರಾತ್ರಿಗೆ ನಾ ಹಂಗ ಇರಲಿಲ್ಲೇನ್ರಿ?"
"ನೀ ಇದ್ದಿ ಅಂದ್ರ ನಾನೂ ಇರ್ತೇನಿ ತಗೋ."
ಸಂಜೆ ಆರಕ್ಕೇ ತಂಬಿಗೆ ದೂರ ಸರಿಸಿದರು.

ಫೆಬ್ರವರಿ ೨೫, ಬೆಳಿಗ್ಗೆ ೧೧
ತುರ್ತು ಕೇಸು ಬಂತು. ನಮ್ಮದು ಮಧ್ಯಾಹ್ನ ಒಂದಕ್ಕೆ ಹೋಯಿತು. ವೈನಿ ಎದ್ದು ಕೂತರೆ ಕಣ್ಣು ಕತ್ತಲೆ. ತುಟಿ ಒಡೆದಿತ್ತು. ಸಲಾಯಿನ್ ಹಚ್ಚಲು ನರವೇ ಸಿಗಲಿಲ್ಲ — ಎರಡು ಸಲ ಚುಚ್ಚಿದರು.
"ಅಜ್ಜಿ ನೀರ ಯಾವಾಗ ಕುಡದಾರ್ರಿ?" ಹತ್ತು ಗಂಟೆಗೆ ಅಫ್ರೀನ್ ಬಂದು ಕೇಳಿದಳು.
"ನಿನ್ನಿ ಸಂಜಿ ಆರಕ್ಕ! ನಮ್ಮ ಮನಿತನಾನ ಹಂಗವ್ವಾ." ಎದೆ ಉಬ್ಬಿಸಿದೆ.
"ಹದಿನಾರ ತಾಸು! ಕಾಕಾ, ಚೀಟಿ ಎಲ್ಲೈತ್ರಿ?"
ತೆಗೆದೆ. ಅಡಿಕೆ ಉದುರಿತು. ಎರಡನೆಯ ಸಾಲು: ಆಪರೇಷನ್‌ಗೆ ಎರಡು ತಾಸು ಇರುವವರೆಗೂ ಬರೀ ನೀರು ಕುಡಿಯಬಹುದು.
ಡಾಕ್ಟರಿಗೆ ಫೋನ್ ಮಾಡಿದಳು. ಒಂದು ಲೋಟ ಕೊಡು, ಈಗಲೇ, ಎಂದರಂತೆ. ತಾನೇ ಹಿಡಿದು ಕುಡಿಸಿದಳು. ಗುಟುಕು... ಗುಟುಕು. ವೈನಿಯ ಮುಖಕ್ಕೆ ಕಳೆ ಬಂತು. ಸ್ವಲ್ಪ ಹೊತ್ತಿಗೆ ನರವೂ ಸಿಕ್ಕಿತು. ನೀರು ಇಷ್ಟು ದೊಡ್ಡದೇ! ಬಾಯಿ ತೆರೆದುಕೊಂಡೇ ನೋಡಿದೆ.
"ನೀನೂ ಒಂದ ಗುಟುಕ ಕುಡಿಯವ್ವಾ."
"ರಂಜಾನ್ ರೋಜಾ ಐತ್ರಿ ಕಾಕಾ. ಸಂಜಿಮಟ ಇಲ್ರಿ."
ಆಗ ಕಂಡಿತು — ಅವಳ ತುಟಿಯೂ ಒಣಗಿತ್ತು. ನಾನು ಕೇಳದಿದ್ದರೆ ಹೇಳುತ್ತಲೂ ಇರಲಿಲ್ಲ. ಲೋಟ ಹಿಡಿದ ಕೈ ಒಂಚೂರೂ ಅಲುಗಿರಲಿಲ್ಲ.

ಫೆಬ್ರವರಿ ೨೬, ಬೆಳಿಗ್ಗೆ, ಹೊರಗಿನ ಬೆಂಚು
ಆಪರೇಷನ್ ಛಲೋ ಆಯಿತು. ವೈನಿ ಇಡೀ ಲೋಟ ನೀರು ಕುಡಿದು ನನ್ನನ್ನೇ ನೋಡಿದರು.
"ನಿನ್ನಿ ನನ್ನ ಜೀವಾನ ಹೋದಂಗ ಆತು. ಶಿವರಾತ್ರಿಗೆ ನೀ ಹೆಂಗ ತಡಕೊಂಡ್ಯೋ ತಮ್ಮಾ?"
ಚಹಾ ತರುತ್ತೇನೆಂದು ಹೊರಗೆ ಓಡಿ ಬಂದೆ. ಕೂತು ಇದನ್ನು ಬರೆಯುತ್ತಿದ್ದೇನೆ. ಅಫ್ರೀನ್ ಬಾಗಿಲಿಗೆ ಬಂದಳು — "ಕಾಕಾ, ಅಜ್ಜಿ ಕರಿಯಾಕತ್ತಾರ್ರಿ."
ಹೋಗುತ್ತೇನೆ. ಹೇಳಿಯೇಬಿಡುತ್ತೇನೆ. ವೈನಿ, ಗಬ್ಬೂರ ಬೈಪಾಸಿನ್ಯಾಗ ನಾ ಆವತ್ತ ಕಬ್ಬಿನ ಹಾಲ—