ನನ್ನ ಬೀಗಿತ್ತಿ ಓಡಿಸಿದ ಕೊನೆಯ ಬಸ್ಸಿನ ಬಗ್ಗೆ, ಸಚಿವರಿಗೆ

ವಿದೇಶ ವ್ಯವಹಾರಗಳ ಮಾನ್ಯ ಸಚಿವರೇ,

ನನ್ನ ಬೀಗಿತ್ತಿಗೆ ಈ ದೇಶಕ್ಕೆ ಬರಲು ಅನುಮತಿ ಕೊಡಿ ಎಂದು ನಿಮ್ಮ ಇಲಾಖೆಯನ್ನು ಬೇಡಿಕೊಂಡಿದ್ದೆವು. ಮೊನ್ನೆ ಉತ್ತರ ಬಂತು: 'ಅರ್ಜಿಯು ಪರಿಶೀಲನೆಯಲ್ಲಿದೆ.' ಅಷ್ಟರಲ್ಲಿ ಆಕೆ ಸತ್ತು ತಿಂಗಳ ಮೇಲಾಗಿತ್ತು. ಇನ್ನು ಪರಿಶೀಲನೆ ಸಾಕು ಎಂದು ಹೇಳಲು ಫೋನ್ ಮಾಡಿದರೆ, ಅರ್ಜಿ ಹಿಂಪಡೆಯಲು ಅರ್ಜಿದಾರರೇ ಖುದ್ದಾಗಿ ಬರೆದುಕೊಡಬೇಕಂತೆ. ಅದು ಆಕೆಯಿಂದ ಆಗದ ಕೆಲಸವಾದ್ದರಿಂದ, ಊರಿಗೆಲ್ಲ ಕೇಳುವಂತೆ ನಾನೇ ಬರೆಯುತ್ತಿದ್ದೇನೆ.

ನಾನು ದರ್ಜಿ ಕೆಲಸದ ಹೆಂಗಸು. ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತೇನೆ. ನನ್ನ ಸೊಸೆ ಆ ದೂರದ ದೇಶದವಳು. ಈಚೆಗೆ ನೀವು ಭಾಷಣಗಳಲ್ಲಿ 'ತೀವ್ರ ಕಳವಳ' ಎಂಬ ಪದದ ಜೊತೆಗೆ ಮಾತ್ರ ಹೆಸರಿಸುವ ದೇಶ. ಅವಳ ತಾಯಿ ಅಲ್ಲಿ ನಗರ ಸಾರಿಗೆಯ ಬಸ್ ಓಡಿಸುತ್ತಿದ್ದಳು. ನನ್ನ ಭಾಷೆ ಬೀಗಿತ್ತಿಗೆ ಬಾರದು, ಅವಳದು ನನಗೆ ಬಾರದು. ಸೊಸೆ ಫೋನ್ ಹಿಡಿದು ನಡುವೆ ಕೂರುತ್ತಿದ್ದಳು, ನಾವಿಬ್ಬರೂ ಅವಳ ಮೇಲೆಯೇ ಚಾಡಿ ಹೇಳಿಕೊಳ್ಳುತ್ತಿದ್ದೆವು, ಅದನ್ನೂ ಅವಳೇ ಅನುವಾದಿಸಬೇಕಿತ್ತು. ಇಲ್ಲಿನ ಚಳಿಗೆಂದು ಬೀಗಿತ್ತಿಗೆ ಒಂದು ಕೋಟು ಹೊಲಿದೆ. ಆಕೆ ಅಲ್ಲಿ ಟೇಪು ಹಿಡಿದು ಅಳತೆ ಹೇಳಿದಳು. ಭುಜ ಸರಿ, ತೋಳು ಸರಿ, ಸೊಂಟದ ಅಳತೆಯಲ್ಲಿ ಮಾತ್ರ ಸುಳ್ಳು ಹೇಳಿದಳು. ನಾನು ಫೋನಿನ ಪರದೆಯಲ್ಲಿ ಕಂಡ ಕಣ್ಣಳತೆಯಲ್ಲಿ ಎರಡಂಗುಲ ಸೇರಿಸಿಯೇ ಕತ್ತರಿಸಿದೆ.

ಆಮೇಲೆ ಬಂದೂಕಿನವರು ಆ ಊರಿಗೆ ನುಗ್ಗಿದರು. ಬೀದಿ ಬೀದಿಯಲ್ಲಿ ಬಾಗಿಲು ತಟ್ಟಿ, ಒಂದೇ ಜನಾಂಗದವರನ್ನು ಹೊರಗೆಳೆದು ಕೊಂದರು. ನಿಮ್ಮ ಹೇಳಿಕೆಯಲ್ಲಿ ಇದು 'ಎರಡು ಬಣಗಳ ಘರ್ಷಣೆ' ಎಂದಾಯಿತು. ಮಾನ್ಯರೇ, ಒಂದು ಕಡೆ ಬಂದೂಕು, ಇನ್ನೊಂದು ಕಡೆ ಹಾಲು ಕುಡಿಯುವ ಕೂಸು. ಇದರಲ್ಲಿ ಎರಡನೆಯ ಬಣ ಯಾವುದು? ಕೂಸೇ?

ಬೀಗಿತ್ತಿ ಯಾರನ್ನೂ ಕೇಳದೆ ಡಿಪೋದಿಂದ ತನ್ನ ಬಸ್ಸು ತೆಗೆದಳು. ತನ್ನ ಬೀದಿಯವರನ್ನು, ಪಕ್ಕದ ಬೀದಿಯವರನ್ನು ತುಂಬಿಕೊಂಡು ಹೊಳೆಯ ಸೇತುವೆ ದಾಟಿಸಿ, ಆಚೆ ದಡದ ಬಯಲಿನಲ್ಲಿ ಇಳಿಸಿ, ಮತ್ತೆ ಮತ್ತೆ ಹಿಂದಿರುಗಿದಳು.

ಅದೇ ಹೊತ್ತಿನಲ್ಲಿ ನಾನೂ ಸೊಸೆಯೂ ನಿಮ್ಮ ಕಚೇರಿಯಲ್ಲಿ ಕೂತಿದ್ದೆವು. ಒಳ್ಳೆಯ ಕಚೇರಿ, ಕುರ್ಚಿಗಳಿಗೆ ಮೆತ್ತೆಯಿದೆ. ನಿಮ್ಮ ಅಧಿಕಾರಿ ನೀರು ತರಿಸಿಕೊಟ್ಟು ಹೇಳಿದರು, "ನಿಮ್ಮ ತಾಯಿಯವರ ಬಗ್ಗೆ ಅಲ್ಲಿನ ಪೊಲೀಸ್ ಠಾಣೆಯಿಂದ ಸನ್ನಡತೆ ಪ್ರಮಾಣಪತ್ರ ಬೇಕಾಗುತ್ತೆ."

"ಠಾಣೆ ಸುಟ್ಟುಹೋಗಿದೆ ಸರ್," ಅಂದಳು ಸೊಸೆ.

"ಹಾಗಿದ್ರೆ ಸುಟ್ಟುಹೋಗಿದೆ ಅಂತ ಅಲ್ಲಿನ ಅಧಿಕಾರಿಗಳು ಯಾರಾದ್ರೂ ಬರೆದುಕೊಡಲಿ."

"ಸುಟ್ಟೋರೇ ಈಗ ಅಲ್ಲಿನ ಅಧಿಕಾರಿಗಳು."

ಅವರು ಪೆನ್ನಿನ ಕ್ಯಾಪು ಹಾಕಿದರು, ತೆಗೆದರು. "ನಾವು ಪರಿಸ್ಥಿತೀನ ಹತ್ತಿರದಿಂದ ಗಮನಿಸ್ತಾ ಇದ್ದೀವಿ ಅಮ್ಮ."

"ಗಮನಿಸಿ ಏನ್ ಮಾಡ್ತೀರಪ್ಪ?" ಎಂದು ಕೇಳಿದೆ. ಅವರು ನಮ್ಮನ್ನು ಕಳುಹಿಸಲು ಎದ್ದರು. ಮೆಟ್ಟಿಲವರೆಗೂ ಬಂದು ಮೆಲ್ಲಗೆ, "ನನ್ನ ಕೈಲಿ ಏನೂ ಇಲ್ಲಮ್ಮ," ಅಂದರು. ಅವರನ್ನು ದೂರುವುದಿಲ್ಲ. ಯಾರ ಕೈಯಲ್ಲಿ ಇದೆಯೋ ಅವರಿಗೇ ಈ ಪತ್ರ.

ಅಂದು ಸಂಜೆ ಆಚೆ ದಡದಿಂದ ಬೀಗಿತ್ತಿ ಫೋನ್ ಮಾಡಿದಳು. ನಾನು ಸೊಸೆಯ ಕೈಯಿಂದ ಫೋನ್ ಕಿತ್ತುಕೊಂಡು ನನ್ನ ಭಾಷೆಯಲ್ಲೇ ಕೂಗಿದೆ, "ಅಲ್ಲೇ ಇದ್ಬಿಡು ತಾಯಿ, ವಾಪಸ್ ಹೋಗ್ಬೇಡ." ಅದಕ್ಕೆ ಅನುವಾದ ಬೇಕಾಗಲಿಲ್ಲ. ಆಕೆ ಕೇಳಿದ್ದು ಒಂದೇ: ಅನುಮತಿ ಬಂತಾ? ಸೊಸೆ ಇಲ್ಲ ಅಂದಳು. "ಹಾಗಿದ್ರೆ ಇಲ್ಲಿ ಕೂತು ಏನ್ ಮಾಡ್ಲಿ? ಹೆರಿಗೆ ಆಸ್ಪತ್ರೇಲಿ ಬಾಣಂತಿಯರು ಉಳಿದಿದ್ದಾರೆ. ಒಂದು ಸಲ ಹೋಗಿ ಬಂದ್ಬಿಡ್ತೀನಿ," ಅಂದಳಂತೆ.

ಮುಂದಿನದನ್ನು ಫೋನಿನಲ್ಲಿ ಹೇಳಿದ್ದು ಆ ಆಸ್ಪತ್ರೆಯ ದಾದಿ. ಬಾಣಂತಿಯರನ್ನು ತುಂಬಿಕೊಂಡು ಬರುವಷ್ಟರಲ್ಲಿ ಬಂದೂಕಿನವರು ಸೇತುವೆಗೆ ಅಡ್ಡ ನಿಂತಿದ್ದರು. ಬೀಗಿತ್ತಿ ತಿರುವಿನಲ್ಲೇ ಬಸ್ಸು ನಿಲ್ಲಿಸಿ, ಸೈಕಲ್ಲೂ ತುಳಿದು ಗೊತ್ತಿಲ್ಲದ ದಾದಿಯನ್ನು ತನ್ನ ಸೀಟಿನಲ್ಲಿ ಕೂರಿಸಿದಳು. "ಗೇರ್ ಹಾಕಿಟ್ಟಿದ್ದೀನಿ. ಅವರು ದಾರಿ ಬಿಟ್ಟ ತಕ್ಷಣ ಕ್ಲಚ್ ಮೆಲ್ಲಗೆ ಬಿಡು. ಮುಂದೆ ನೋಡು, ಕನ್ನಡಿ ನೋಡ್ಬೇಡ."

ಆಮೇಲೆ ಇಳಿದು ಅವರೆದುರಿಗೆ ನಡೆದಳು. ಒಳಗಿರುವವರಿಗೆಲ್ಲ ಅಂಟುರೋಗ, ಊರಾಚೆ ಸಾಗಿಸುತ್ತಿದ್ದೇವೆ ಎಂದಳು. ಅವರಲ್ಲೊಬ್ಬ ಬಂದು ಬಸ್ಸಿನ ಮೆಟ್ಟಿಲು ಹತ್ತಿದವನು, ಮೂಗು ಮುಚ್ಚಿಕೊಂಡು ಇಳಿದ. ಅಡ್ಡವಿಟ್ಟ ಮರದ ದಿಮ್ಮಿ ಸರಿಸಿದರು. ಬೀಗಿತ್ತಿ ಬಸ್ಸಿನತ್ತ ತಿರುಗಿದಾಗ ಮಾತ್ರ ಅವಳ ತೋಳು ಹಿಡಿದರು. ಬಸ್ಸು ಮೊದಲನೇ ಗೇರಿನಲ್ಲೇ ಅರಚಿಕೊಂಡು ಸೇತುವೆ ದಾಟಿತು. ಒಳಗಿದ್ದವರೆಲ್ಲ ಬದುಕಿದರು.

"ಕನ್ನಡಿ ನೋಡ್ಬೇಡ ಅಂದಿದ್ರು," ಎಂದಳು ದಾದಿ. "ನಾನು ನೋಡಿಬಿಟ್ಟೆ."

ಸೊಸೆ ಇದನ್ನೂ ನನಗೆ ಅನುವಾದಿಸಿದಳು, ಒಂದು ಮಾತೂ ಬಿಡದೆ. ಆಮೇಲೆ ನೆಲದ ಮೇಲೆ ಕೂತುಬಿಟ್ಟಳು. ಅಳಲಿಲ್ಲ. "ಅತ್ತೆ, ಅಮ್ಮನ್ನ ಮಣ್ಣು ಮಾಡಿದ್ರೋ ಇಲ್ವೋ, ಅದನ್ನ ಯಾರನ್ನ ಕೇಳೋದು?" ಎಂದಳು. ಮಾನ್ಯರೇ, ಯಾರನ್ನು ಕೇಳುವುದು?

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಯಿದೆ. ನೀವು ಕೊಳ್ಳೆಗೆ ಮೊದಲೇ ಹಾಕಿದಿರಿ, ಜನ ಹೊರಗಿರುವಾಗ. ನನ್ನ ಬೀಗಿತ್ತಿಗಾಗಿ ಇನ್ನು ನಿಮ್ಮಿಂದ ಏನೂ ಬೇಡ. ಆದರೆ ಆಕೆ ದಾಟಿಸಿದವರು ಆ ಬಯಲಿನಲ್ಲೇ ಇದ್ದಾರೆ, ತಲೆಯ ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು. ನೀವು ಘೋಷಿಸಿದ ಔಷಧಿ ಅಲ್ಲಿಗೆ ಮುಟ್ಟಿಲ್ಲ, ಮುಟ್ಟಿಸಿ. ಸುಟ್ಟ ಠಾಣೆಯ ಮುದ್ರೆ ಕೇಳದೆ ಅವರನ್ನು ಒಳಗೆ ಬಿಡಿ. ಅಲ್ಲಿ ನಡೆದದ್ದನ್ನು ಘರ್ಷಣೆ ಎನ್ನಬೇಡಿ, ಹತ್ಯಾಕಾಂಡ ಎನ್ನಿ. ನನ್ನ ಮನೆಯಲ್ಲಿ ಬೆಳಕು ಬರುವ ಒಂದು ಕೋಣೆ ಖಾಲಿಯಿದೆ. ಆ ದಾದಿಯೂ ಇಬ್ಬರು ಬಾಣಂತಿಯರೂ ಅಲ್ಲಿ ಇರಬಹುದು. ಅವರ ಅರ್ಜಿ ನಾಳೆ ನಿಮ್ಮ ಮೇಜಿಗೆ ಬರುತ್ತದೆ. ಈ ಸಲ ಗಮನಿಸಬೇಡಿ, ಸಹಿ ಹಾಕಿ.

'ನಿಮ್ಮ ವಿಶ್ವಾಸಿ' ಎಂದು ಬರೆಯಲು ಕೈ ಏಳುತ್ತಿಲ್ಲ. ಆದ್ದರಿಂದ,

ಇಂತಿ,
ಬೀಗಿತ್ತಿಯನ್ನು ಒಮ್ಮೆಯೂ ಎದುರಿಗೆ ಕಾಣದ ಒಬ್ಬ ದರ್ಜಿ