ಹುಲಿಕಲ್ಲಿಗೆ ನಾನೂ ಬರುತ್ತೇನೆ

ಕೋಣಂದೂರು
೧೪-೨-೧೯೬೭

ವಿಶಾಲಮ್ಮ ಅಕ್ಕೋರಿಗೆ ಯಮುನಮ್ಮನ ನಮಸ್ಕಾರಗಳು.

ನಾನು ಬೆಂಗಳೂರಿನ ಮಾನಸಿಕ ಆಸ್ಪತ್ರೆಯಿಂದ ಬಂದು ಮೂರು ತಿಂಗಳಾಯಿತು. ಮಾತ್ರೆ ತಪ್ಪಿಸಿಲ್ಲ. ನಿದ್ದೆಯೂ ಬರುತ್ತಿದೆ.

ನಾನಿಲ್ಲದಾಗ ನೀವು ಶಾಲೆ ಮುಗಿಸಿ ನಮ್ಮ ಮನೆಗೆ ಬಂದು ಮಾಡಿದ್ದನ್ನೆಲ್ಲ ನಮ್ಮ ಯಜಮಾನರು ಈಗೀಗ ಹೇಳುತ್ತಿದ್ದಾರೆ. ಮಗಳಿಗೆ ಜಡೆ ಹೆಣೆಯಲು ಅವರಿಗೆ ಕಲಿಸಿದಿರಂತೆ. ನನ್ನನ್ನು ಆಸ್ಪತ್ರೆಯಿಂದ ಕರೆತಂದು ದೆವ್ವ ಬಿಡಿಸಬೇಕೆಂದು ಅತ್ತೆ ಹಟ ಹಿಡಿದಾಗ ಜಗಳವಾಡದೆ, ಪಕ್ಕದಲ್ಲಿ ಕೂತು ಅವರನ್ನು ಅಳಲು ಬಿಟ್ಟಿರಂತೆ.

ಮೊನ್ನೆ ಮಗಳು ರಂಗಿ ಹೇಳಿದಳು: "ನಾ ಮಾತು ಕೇಳ್ದೇ ಇದ್ದಿದ್ಕೇ ನಿಂಗೆ ಹಂಗಾಯ್ತು ಅನ್ಕೊಂಡಿದ್ದೆ ಅಮ್ಮ. ಜ್ವರ ಬಂದಂಗೆ ಇದೂ ಒಂದು ಕಾಯ್ಲೆ, ನಿನ್ನಿಂದ ಬಂದಿದ್ದಲ್ಲ ಅಂತ ಅಕ್ಕೋರು ಹೇಳಿದ್ರು."

ಆ ಮಾತು ಹೇಳಲು ನೀವಿದ್ದಿರಲ್ಲ, ಅಷ್ಟು ಸಾಕು ನನಗೆ.

ಈಗ ಒಂದು ಕೋರಿಕೆ. ಹುಲಿಕಲ್ಲಿನ ಭೂತಪ್ಪನವರಿಗೂ ನನ್ನ ಹಾಗೇ ಆಗಿದೆ, ನಗರ ಊರಿನ ಶಾಲೆಗೆ ವರ್ಗವಾದ ಮೇಲೆ ನೀವು ಅಲ್ಲಿಂದ ಪ್ರತಿ ಭಾನುವಾರ ಅವರ ಮನೆಗೆ ಹೋಗುತ್ತೀರಿ ಎಂದು ಕೇಳಿದೆ. ನನ್ನನ್ನೂ ಕರೆದುಕೊಂಡು ಹೋಗಿ. ಗುಣವಾದವಳೊಬ್ಬಳನ್ನು ಅವರ ಹೆಂಡತಿ ಕಣ್ಣಾರೆ ನೋಡಲಿ. ಯಾವ ಬಸ್ಸಿಗೆ ಬರಬೇಕೆಂದು ಬರೆಯಿರಿ.

ರಂಗಿಯೂ ಹೊರಟಿದ್ದಾಳೆ. "ನೀ ಎಂತ ಮಾಡ್ತೀಯೇ ಅಲ್ಲಿ?" ಎಂದೆ.

"ಭೂತಪ್ಪನೋರ ಮಕ್ಕಳ ಜೊತೆ ಆಡ್ತೀನಿ. ನಂಗೊತ್ತು, ಅವ್ರ ಮನೆಗೀಗ ಯಾರೂ ಆಡಕ್ಕೆ ಬರಲ್ಲ" ಎಂದಳು.

ಇಂತಿ ನಿಮ್ಮ
ಯಮುನಮ್ಮ